‘ಆಗೂದಿಲ್ರಿ’ ಅನ್ನಲು ಕಲಿಸಿದವರು

ಅವರ ಎಡಗಿವಿ ತಲೆಗೆ ಅಂಟಿಸಿದ ಹಾಗೆ ಚಪ್ಪಟೆಯಾಗಿತ್ತು. ಬಲಗಿವಿ ಮಾತ್ರ ಎಲ್ಲರ ಕಿವಿಯಂತೆ ಹೊರಗೆ ಚಾಚಿಕೊಂಡಿತ್ತು. ವರ್ಷಾನುಗಟ್ಟಲೆ ಒಂದೇ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೂತದ್ದಕ್ಕೆ ಹಾಗಾಯಿತು ಎಂದು ಅವರ ಹೆಂಡತಿ ಹೇಳುತ್ತಿದ್ದರು. ಎದುರಿಗಿದ್ದವರ ಮುಖ ನೋಡಿ ಮಾತಾಡುವ ರೂಢಿ ಅವರಿಗಿರಲಿಲ್ಲ. ಆ ಚಪ್ಪಟೆ ಕಿವಿಯನ್ನು ನಮ್ಮ ಕಡೆ ತಿರುಗಿಸಿ, ಗೋಡೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು. ನನಗೆ ಆ ಕಿವಿಯನ್ನು ಕಂಡರೆ ಆಗುತ್ತಿರಲಿಲ್ಲ.

ಅವರು ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕೆಲಸದಿಂದ ನಿವೃತ್ತರಾಗಿ ಗೋಕಾಕದ ತಮ್ಮ ಮನೆಗೆ ಬಂದಿದ್ದರು. ನಾನು ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೆ. ಹಾರಿಸಲು ಕೈ ಕೂಡಿತ್ತು. ಆದರೆ ಪೈಲಟ್ ಆಗಲು ರೇಡಿಯೋದಲ್ಲಿ ಮಾತಾಡುವ ಪರೀಕ್ಷೆಯನ್ನೂ ದಾಟಬೇಕು. ಮೋಡದೊಳಗೆ ಹೊಕ್ಕ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮುಂದಿರುವ ಮಾಪಕಗಳ ಮುಳ್ಳುಗಳನ್ನು ನೋಡಿಕೊಂಡು, ಕಿವಿಯಲ್ಲಿ ಕೇಳುವ ಒಂದು ದನಿಯನ್ನು ನಂಬಿಕೊಂಡು ಹೋಗಬೇಕು. ಆ ಪರೀಕ್ಷೆಯಲ್ಲಿ ನಾನು ಒಮ್ಮೆ ನಪಾಸಾಗಿದ್ದೆ. ಇನ್ನೊಮ್ಮೆ ಬಿದ್ದರೆ ಮನೆಗೆ ಬಾ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ನಮ್ಮೂರು ನಾಗನೂರಿನಿಂದ ಅಪ್ಪನ ಗಾಡಿಯ ಹಿಂದೆ ಕೂತು ಅವರ ಹತ್ತಿರ ಕಲಿಯಲು ಹೋದ ಮೊದಲ ದಿನವನ್ನು ನಾನು ದಿನಚರಿಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೇನೆ: ‘ನೀರು ಕೊಡಲಿಲ್ಲ, ಕೂಡು ಅನ್ನಲಿಲ್ಲ.’

“ಈಕಿಗೆ ಬಾಯಿ ಐತೇನು?” ಅವರು ಗೋಡೆಯನ್ನು ಕೇಳಿದರು.

“ಐತ್ರಿ ಸರ್, ಭಾಳ ಶಾಣ್ಯಾ ಅದಾಳ್ರಿ,” ಅಂದರು ಅಪ್ಪ.

“ನಿಮ್ಮ ಬಾಯಿ ಐತಿ ಅಂತ ಗೊತ್ತಾತು. ಈಕೀದು?”

“ಐತ್ರಿ,” ಅಂದೆ.

“ಐತಿ ಅಂತ ಹೇಳಾಕ ಇಷ್ಟೊತ್ತು. ಅಷ್ಟರಾಗ ನಿನ್ನ ಇಮಾನ ಒಂದು ಊರು ದಾಟಿ ಹೋಗಿರತೈತಿ.”

ಪಾಠ ನಡೆಯುತ್ತಿದ್ದದ್ದು ಬಾಗಿಲು ಮುಚ್ಚಿಕೊಂಡು. ನಾನು ಜೋಳದ ಚೀಲಗಳಿದ್ದ ಕೋಣೆಯಲ್ಲಿ, ಅವರು ಪಡಸಾಲೆಯಲ್ಲಿ. ನಡುವೆ ಗೋಡೆ. ಪೈಲಟ್ಟಿಗೂ ಗೋಪುರದವರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದಿರುವಾಗ ಇಲ್ಲಿ ಮಾತ್ರ ಯಾಕೆ ಕಾಣಬೇಕು ಎನ್ನುವುದು ಅವರ ಲೆಕ್ಕ. ಅವರೇ ಕಲ್ಪಿಸಿ ಒಂದು ನಕಾಶೆ ಬರೆದಿದ್ದರು. ಹುಕ್ಕೇರಿಯಲ್ಲಿ ವಿಮಾನ ನಿಲ್ದಾಣ, ಮೂಡಲಗಿಯಲ್ಲಿ ದಾರಿ ತೋರುವ ರೇಡಿಯೋ ಕಂಬ, ನಡುವೆ ಗೋಕಾಕದ ಗುಡ್ಡಗಳು. ಗುಡ್ಡದ ಮೇಲೆ ನಾಲ್ಕೂವರೆ ಸಾವಿರ ಅಡಿಗಿಂತ ಕೆಳಗೆ ಇಳಿಯಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಆ ನಕಾಶೆಯಲ್ಲಿ ನಾನು ಮೂಡಲಗಿಯಿಂದ ಹುಕ್ಕೇರಿಗೆ ದಿನಾ ಹಾರುತ್ತಿದ್ದೆ. ಅದೂ ಮೋಡದಲ್ಲಿ. ಅವರ ಆಕಾಶದಲ್ಲಿ ಒಂದು ದಿನವೂ ಬಿಸಿಲು ಬೀಳಲಿಲ್ಲ.

ಗೋಪುರದಿಂದ ಬಂದ ಪ್ರತಿ ಸೂಚನೆಯನ್ನೂ ಪೈಲಟ್ ತಿರುಗಿ ಹೇಳಬೇಕು. ಎತ್ತರ ಎಷ್ಟು, ದಿಕ್ಕು ಯಾವುದು, ಒಂದೂ ಬಿಡುವ ಹಾಗಿಲ್ಲ. ಹೇಳಿದವರು ಅದನ್ನು ಕೇಳಿ, ತಪ್ಪಿದ್ದರೆ ತಿದ್ದಬೇಕು. ಆ ಮಾತುಗಳೆಲ್ಲ ಇಂಗ್ಲಿಷಿನಲ್ಲಿ. ಬೈಗುಳ ಕನ್ನಡದಲ್ಲಿ. ನಾನು ಸೂಚನೆಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದೆ. ಎರಡನೆಯ ವಾರ, ನಾನು ಗುಡ್ಡಗಳ ಮೇಲಿದ್ದೇನೆ ಎಂದು ತಿಳಿಸಿದಾಗ, ಗೋಡೆಯಾಚೆಯಿಂದ ಮೂರು ಸಾವಿರ ಅಡಿಗೆ ಇಳಿಯುವಂತೆ ಸೂಚನೆ ಬಂತು. ಒಂದಕ್ಷರ ತಪ್ಪದಂತೆ ತಿರುಗಿ ಹೇಳಿದೆ. ನನ್ನ ದನಿ ಚೆನ್ನಾಗಿತ್ತು ಅಂತ ನನಗೇ ಅನಿಸಿತು.

ಬಾಗಿಲು ತೆರೆಯಿತು.

“ಸತ್ತಿ,” ಅಂದರು.

“ನೀವ ಇಳಿ ಅಂದ್ರೆಲ್ಲರಿ ಸರ್!”

“ನಾ ಅಂದ್ನಿ. ಗುಡ್ಡ ಏನಂತು? ಸರ್ ಹೇಳ್ಯಾರ, ಬಾಜೂ ಸರೀತೇನಿ ಅಂತೇನು?”

“ದೊಡ್ಡಾವ್ರು ಹೇಳಿದ್ರ...”

“ಮ್ಯಾಲ ದೊಡ್ಡಾವ್ರು ಯಾರೂ ಇಲ್ಲ. ಗುಡ್ಡ ದೊಡ್ಡದು.”

ನಮ್ಮ ಕಡೆ ಮಕ್ಕಳು ಮೊದಲು ಕಲಿಯುವ ಮಾತು ‘ಹೂನ್ರಿ’. ಅಜ್ಜ ಹೇಳಲಿ, ಸಾಲಿ ಮಾಸ್ತರು ಹೇಳಲಿ, ಮಠದ ಅಜ್ಜಾರು ಹೇಳಲಿ, ಮೊದಲು ಹೂನ್ರಿ. ಅರ್ಥವಾಯಿತೋ, ಆಗುತ್ತದೋ ಇಲ್ಲವೋ ಎನ್ನುವುದೆಲ್ಲ ಆಮೇಲೆ. ನಾನು ಇಂಗ್ಲಿಷಿನಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಅಂಥ ಹೊತ್ತಿನಲ್ಲಿ ಪೈಲಟ್ ಹೇಳಬೇಕಾದ ಮಾತು ಒಂದಿದೆ: ‘ಅನೇಬಲ್’. ಆಗೂದಿಲ್ರಿ ಎಂದರ್ಥ. ಹಿಂದೆಯೇ ಕಾರಣ ಹೇಳಬೇಕು. ಅದು ಪುಸ್ತಕದಲ್ಲಿತ್ತು, ನನಗೆ ಬಾಯಿಪಾಠವೂ ಆಗಿತ್ತು. ಗೋಡೆಯಾಚೆ ಅವರ ದನಿ ಕೇಳಿದೊಡನೆ ಮಾತ್ರ ಬಾಯಿಗೆ ಹೂನ್ರಿಯೇ ಬರುತ್ತಿತ್ತು.

ಅವರು ಮುಂಚೆ ಹೇಳದೆ, ಯಾವಾಗೆಂದರೆ ಆವಾಗ, ಅಂಥ ಸೂಚನೆ ಕೊಡುತ್ತಿದ್ದರು. ನಾನು ಒಪ್ಪಿಕೊಳ್ಳುತ್ತಿದ್ದೆ. ಸಾಯುತ್ತಿದ್ದೆ. ಆ ತಿಂಗಳ ದಿನಚರಿಯಲ್ಲಿ ನಾನು ಸತ್ತದ್ದಕ್ಕೆ ಗೀಟು ಹಾಕಿಟ್ಟಿದ್ದೇನೆ, ಹತ್ತೊಂಬತ್ತು. ಅವರ ಹೆಂಡತಿಗೆ ಅದೊಂದು ತಮಾಷೆ. “ಇವತ್ತ ಇನ್ನೂ ಜೀವಂತ ಅದಾಳೇನ್ರಿ? ಚಾ ಇಡಬೇಕಂತ ಕೇಳಿದ್ನಿ,” ಎಂದು ಒಳಗಿನಿಂದ ಕೂಗುತ್ತಿದ್ದರು. “ಸತ್ತಾವ್ರಿಗೆ ಚಾ ಬ್ಯಾಡ,” ಎಂಬ ಉತ್ತರ ಹೋಗುತ್ತಿತ್ತು. ನಾನು ಕಾಕೂ ಎಂದು ಕರೆಯುತ್ತಿದ್ದ ಆಕೆ ಆದರೂ ಚಹಾ ತಂದುಕೊಡುತ್ತಿದ್ದರು.

ಪರೀಕ್ಷೆಗೆ ಕೆಲವೇ ದಿನ ಉಳಿದಿದ್ದಾಗ ಅವರು ಅಪ್ಪನನ್ನು ಕರೆಸಿದರು.

“ಈಕಿ ಕೈಯಾಗ ಇಮಾನ ಕೊಡೂದೂ ಒಂದ, ಕುಂತಾವ್ರನ್ನ ಗುಡ್ಡಕ್ಕ ಒಗಿಯೂದೂ ಒಂದ. ನಾಳೆಯಿಂದ ಕಳಸಬ್ಯಾಡ್ರಿ. ಪರೀಕ್ಷಾಕ್ಕೂ ಕಳಸಬ್ಯಾಡ್ರಿ. ಬ್ಯಾರೆ ಏನರ ಕೆಲಸ ನೋಡ್ರಿ.”

“ಹೂನ್ರಿ ಸರ್,” ಅಂದರು ಅಪ್ಪ. “ನೀವು ಹೇಳಿದ ಮ್ಯಾಲೆ ಮುಗೀತ್ರಿ.”

ನನ್ನ ನಾಲ್ಕು ವರ್ಷದ ಆಸೆ ಇಬ್ಬರು ಗಂಡಸರ ನಡುವೆ ಎರಡು ಮಾತಿನಲ್ಲಿ ತೀರಿಹೋಗಿತ್ತು. ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

“ಆಗೂದಿಲ್ರಿ ಸರ್,” ಅಂದೆ.

ಮೊದಲ ಸಲ ಅವರು ಮುಖ ತಿರುಗಿಸಿ ನನ್ನನ್ನು ನೋಡಿದರು. “ಯಾಕ?”

“ಪರೀಕ್ಷೆ ಆಗಿಲ್ಲ. ನಪಾಸ್ ಮಾಡೂದು ಪರೀಕ್ಷೆ ತಗೊಳ್ಳಾವ್ರ ಕೆಲಸ, ನಿಮ್ಮದಲ್ಲ. ನಾಳೆ ಬರತೇನಿ.”

“ಏ, ದೊಡ್ಡಾವ್ರಿಗೆ ಹಿಂಗ ಮಾತಾಡ್ತಾರೇನ?” ಅಪ್ಪ ಗದರಿದರು.

“ನೀವು ಸುಮ್ಮನಿರ್ರಿ,” ಎಂದು ಅವರು ಅಪ್ಪನಿಗೇ ಅಂದರು. ನನಗೆ, “ಏಳಕ್ಕ ಬಾ. ತಡಾ ಆದ್ರ ಬಾಗಿಲ ತಗಿಯೂದಿಲ್ಲ. ಸೊಕ್ಕಿನ ಹುಡುಗಿ.”

ನನ್ನನ್ನು ಒರೆಗೆ ಹಚ್ಚಲು ಹಾಗೆ ಮಾಡಿದರು ಎಂದು ಆಮೇಲೆ ಕೆಲವರು ಅಂದರು. ನಾನು ಒಪ್ಪುವುದಿಲ್ಲ. ಒರೆಗೆ ಹಚ್ಚುವಾಗ ಅವರ ದನಿ ಸಪ್ಪಗೆ, ಒಂದೇ ಎಳೆಯಲ್ಲಿರುತ್ತಿತ್ತು. ಅಂದು ಅದು ನಿಜವಾಗಿ ಬೇಸತ್ತಿತ್ತು. ಅವರು ನನ್ನನ್ನು ಓಡಿಸಲೆಂದೇ ಅಪ್ಪನನ್ನು ಕರೆಸಿದ್ದರು.

ಮರುದಿನದಿಂದ ಬೈಗುಳ ಇನ್ನೂ ಬಿರುಸಾಯಿತು. ಆದರೆ ನಾನು ಮತ್ತೆ ಸಾಯಲಿಲ್ಲ. ಪರೀಕ್ಷೆ ಪಾಸಾಗಿ ಕರದಂಟಿನ ಡಬ್ಬಿ ತೆಗೆದುಕೊಂಡು ಹೋದೆ. “ಗೋಕಾಕದಾವ್ರಿಗೇ ಕರದಂಟು ತಂದಾಳ, ಇಷ್ಟ ಈಕಿ ಬುದ್ಧಿ,” ಎಂದು ಡಬ್ಬಿಯನ್ನು ಒಳಗೆ ಕೊಟ್ಟು ಬಾಗಿಲು ಹಾಕಿಕೊಂಡರು.

ಮುಂದಿನ ಮಳೆಗಾಲದಲ್ಲಿ, ಮುಳ್ಳುಗಳನ್ನು ನೋಡಿಯೇ ಹಾರುವ ಅಭ್ಯಾಸಕ್ಕೆ, ಹಾರಾಟ ಕಲಿಸುವ ಗುರುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೋಡದೊಳಗಿದ್ದೆ. ಕಿಟಕಿಯ ತುಂಬ ಬಿಳಿ. ಇಳಿಯಿರಿ ಎಂದು ಗೋಪುರದಿಂದ ಸೂಚನೆ ಬಂತು. ಶಾಂತವಾದ, ಅನುಭವಸ್ಥ ದನಿ. ನಾವು ಗುಡ್ಡಸಾಲನ್ನು ದಾಟಿಯಾಗಿದೆ ಎಂದು ಗೋಪುರದವರು ಭಾವಿಸಿದ್ದರು. ಪಕ್ಕದಲ್ಲಿದ್ದ ಗುರುಗಳೂ ತಲೆಯಾಡಿಸಿ, ಇಂಜಿನ್ನಿನ ವೇಗ ತಗ್ಗಿಸಲು ಕೈ ಚಾಚಿದರು. ನಾನು ಮುಳ್ಳುಗಳನ್ನೂ ನಕಾಶೆಯನ್ನೂ ನೋಡಿದೆ. ದಾಟಿರಲಿಲ್ಲ.

“ಅನೇಬಲ್,” ಅಂದೆ. ಗುಡ್ಡ ಇನ್ನೂ ಮುಂದಿದೆ, ಇದೇ ಎತ್ತರದಲ್ಲಿ ಹೋಗುತ್ತೇನೆ ಎಂದು ಕಾರಣ ಹೇಳಿದೆ.

ಗುರುಗಳ ಕೈ ಅಲ್ಲೇ ನಿಂತಿತು. ಆಮೇಲೆ ಅದೇ ದನಿ, ಈ ಸಲ ಸ್ವಲ್ಪ ಅವಸರದಲ್ಲಿ, ಸೂಚನೆಯನ್ನು ತಿದ್ದಿ ಎತ್ತರ ಬಿಡಬೇಡಿ ಎಂದಿತು. ಗುರುಗಳು ಕೈ ಹಿಂದಕ್ಕೆ ತೆಗೆದುಕೊಂಡು ನಕಾಶೆಗೆ ಬಗ್ಗಿದರು.

ಗೋಕಾಕದ ಸರ್ ತೀರಿಕೊಂಡ ಸುದ್ದಿ ಬಂದಾಗ ರಜೆ ಹಾಕಿ ಹೋದೆ. ಮಣ್ಣು ಮಾಡಿ ಎಲ್ಲರೂ ಹಿಂತಿರುಗಿದ್ದರು. ಪಡಸಾಲೆಯ ತುಂಬ ಬೀಗರು, ಬಾಜೂ ಮನೆಯವರು. ಕಾಕೂ ನನ್ನ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಅಂದರು:

“ಇಮಾನದ ಹುಡುಗಿ ಬಂದಾಳ ನೋಡ್ರಿ. ಈಕಿ ಮ್ಯಾಲ ಅವರಿಗೆ ಭಾಳ ಅಕ್ಕರತಿ ಇತ್ತು. ಹೌದಲ್ಲವಾ?”

ಎಲ್ಲರೂ ನನ್ನ ಕಡೆ ನೋಡಿದರು.

“ಇಲ್ರಿ ಕಾಕೂ,” ಅಂದೆ. “ಇರಲಿಲ್ಲ.”

ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸಾವಿನ ಮನೆ ಎನ್ನುವುದನ್ನೂ ಮರೆತು ನಕ್ಕರು. “ಖರೆ ಐತವಾ. ನನ್ನ ಮ್ಯಾಲೂ ಇರಲಿಲ್ಲ!”

ಮೋಡದಲ್ಲಿ ಆದದ್ದನ್ನು ಅವರಿಗೆ ಹೇಳಿದೆ. ಅವರು ನಗು ನಿಲ್ಲಿಸಿ ಪೂರ್ತಿ ಕೇಳಿದರು. ನಾನು ಅವರ ಗಂಡನನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಅಂದು ಆ ವಿಮಾನದಲ್ಲಿದ್ದ ಇಬ್ಬರೂ ಬದುಕಿದ್ದೇವೆ, ಮತ್ತು ಅದು ಅವರಿಂದ. ಅಂದು ಪಕ್ಕದಲ್ಲಿದ್ದ ಗುರುಗಳು ಮೊನ್ನೆ ತಮ್ಮ ಮಗಳ ಮದುವೆಗೆ ಕರೆದಿದ್ದರು. ಹೋಗಿ ಅಕ್ಕಿಕಾಳು ಹಾಕಿ ಬಂದೆ.