ಗೇಟಿನ ಹೊರಗೆ ಕೂತ ಹಂಪಮ್ಮ

ಹಂಪಮ್ಮ ಗಂಡ ಅಂಬಣ್ಣನ ಜೊತೆ ಶಹಾಪುರದ ಕಡೆಯಿಂದ ಹೈದರಾಬಾದಿಗೆ ಬಂದದ್ದು ಗಾರೆ ಕೆಲಸಕ್ಕೆ. ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಹುಡುಗಿಯರ ಹಾಸ್ಟೆಲ್ ಕಟ್ಟುವಾಗ ಇಬ್ಬರೂ ದುಡಿದರು. ಕಟ್ಟಡ ಮುಗಿದ ಮೇಲೆ ಅಂಬಣ್ಣ ಬೇರೆ ಕಡೆ ಕೆಲಸ ಹಿಡಿದ. ಹಂಪಮ್ಮನಿಗೆ ಅದೇ ಹಾಸ್ಟೆಲ್ಲಿನ ಗೇಟ್ ಕಾಯುವ ಕೆಲಸ ಸಿಕ್ಕಿತು. ಮನೆಯಿದ್ದ ಮೆಹದಿಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತೆಲುಗು, ಹಿಂದಿ ಎರಡನ್ನೂ ಗೇಟಿನಲ್ಲೇ ಕಲಿತಳು. ಕನ್ನಡ ಆಡಲು ಇದ್ದವಳು ಕಲಬುರಗಿಯ ವಿದ್ಯಾರ್ಥಿನಿ ಭಾಗ್ಯಶ್ರೀ ಒಬ್ಬಳೇ.

ಆಗ ಹುಡುಗಿಯರು ಸಂಜೆ ಏಳೂವರೆಗೆ ಒಳಗಿರಬೇಕಿತ್ತು. ಲೈಬ್ರರಿ ಮಾತ್ರ ಹತ್ತರ ತನಕ ತೆರೆದಿರುತ್ತಿತ್ತು. ತೆಲಂಗಾಣ ರಾಜ್ಯವಾದ ಎರಡು ವರ್ಷಕ್ಕೆ, ಪರೀಕ್ಷೆ ಹತ್ತಿರ ಬಂದಾಗ, ಹುಡುಗಿಯರಿಗೆ ಸಾಕಾಯಿತು. ಒಂದು ಸಂಜೆ ಪುಸ್ತಕ ಹಿಡಿದು ಗೇಟಿನೆದುರು ರಸ್ತೆಯ ಮೇಲೆ ಕೂತುಬಿಟ್ಟರು. ಹೊತ್ತು ಬದಲಾಗದೆ ಒಳಗೆ ಬರುವುದಿಲ್ಲ ಎಂದರು.

ವಾರ್ಡನ್ ಸಾವಿತ್ರಿ ಮೇಡಂ ಅಂಗಳಕ್ಕೆ ಬಂದು ತೆಲುಗಿನಲ್ಲಿ ಕೂಗಿದರು: "ಹಂಪಮ್ಮಾ, ಬೀಗ ಹಾಕು. ಹಸಿವಾದರೆ ತಾವೇ ಬರುತ್ತಾರೆ."

ಹಂಪಮ್ಮ ಎದ್ದು ಗೇಟ್ ಎಳೆದಳು, ಬೀಗ ಹಾಕಿದಳು. ಆದರೆ ಹೊರಗಿನಿಂದ. ಕೀಲಿಕೈ ಸೆರಗಿಗೆ ಕಟ್ಟಿಕೊಂಡು ಭಾಗ್ಯಶ್ರೀಯ ಪಕ್ಕ ಕೂತಳು.

"ಏನ್ ಮಾಡಿದ್ರಿ ಹಂಪಕ್ಕ? ನೌಕರಿ ಹೋಗತೈತಿ!"

"ಹುಡುಗ್ಯಾರನ್ನ ಕಾಯಾಕ ಇಟ್ಟಾರವ್ವ ನನ್ನ. ನೀವು ಹೊರಗ ಅದೀರಿ. ಒಳಗ ಕುಂತು ನಾ ಯಾರನ್ನ ಕಾಯ್ಲಿ?"

ಹಾಗಂದು ಸೆರಗಿನ ಗಂಟನ್ನು ಇನ್ನೊಮ್ಮೆ ಬಿಗಿದಳು. ಸ್ವಲ್ಪ ಹೊತ್ತಿಗೆ ಸಾವಿತ್ರಿ ಮೇಡಂ ಮನೆಗೆ ಹೊರಟು ಬಂದವರು ಬೀಗ ನೋಡಿ ದಂಗಾದರು. ಕೀಲಿಕೈ ಕೇಳಿದರು. ಮೊದಲು ಹುಡುಗಿಯರ ಮಾತು ಕೇಳಿ ಎಂದಳು ಹಂಪಮ್ಮ. ಮೇಡಂ ಸಿಟ್ಟಿನಿಂದ ಫೋನ್ ಮಾಡಿದರು. ದೊಡ್ಡ ಅಧಿಕಾರಿಗಳು ಬಂದಾಗ ಹುಡುಗಿಯರು ಹೊರಗೆ, ವಾರ್ಡನ್ ಒಳಗೆ. ಅಧಿಕಾರಿಗಳಲ್ಲೊಬ್ಬರಿಗೆ ನಗು ತಡೆಯಲಾಗಲಿಲ್ಲ. ರಸ್ತೆಯಲ್ಲೇ ಮಾತುಕತೆಯಾಯಿತು. ಆ ತಿಂಗಳೇ ಒಳಗೆ ಬರುವ ಹೊತ್ತು ಹತ್ತೂವರೆಗೆ ಹೋಯಿತು.

ಹಂಪಮ್ಮನ ನೌಕರಿ ಹೋಗಲಿಲ್ಲ, ಗೇಟ್ ಹೋಯಿತು. ಅವಳನ್ನು ಕ್ಯಾಂಪಸ್ಸಿನ ಸಸಿ ಬೆಳೆಸುವ ತೋಟಕ್ಕೆ ಹಾಕಿದರು. ಮೊದಮೊದಲು ಅಲ್ಲಿ ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ. "ಗಿಡ ಮಾತಾಡಂಗಿಲ್ಲಲ್ಲವ್ವ," ಎಂದು ನೋಡಲು ಬಂದ ಭಾಗ್ಯಶ್ರೀಯ ಮುಂದೆ ಕಣ್ಣೀರು ಹಾಕಿದಳು. ಭಾಗ್ಯಶ್ರೀ ಓದು ಮುಗಿಸಿ ಹೋಗುವ ತನಕ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು.

ಒಂದು ಮಳೆಗಾಲ ಸಾವಿತ್ರಿ ಮೇಡಂ ಕರಿಬೇವಿನ ಸಸಿ ಕೇಳಿಕೊಂಡು ತೋಟಕ್ಕೆ ಬಂದರು. ಹಂಪಮ್ಮ ಗಟ್ಟಿ ಬೇರಿನದೊಂದನ್ನು ಆರಿಸಿ ಕೊಟ್ಟಳು. ಹೋಗುವಾಗ ಮೇಡಂ ತಿರುಗಿ, ತೆಲುಗಿನಲ್ಲಿ, "ಅವತ್ತು ನನಗೆ ತುಂಬಾ ಸಿಟ್ಟು ಬಂದಿತ್ತು," ಎಂದರು.

"ನನಗ ಭಾಳ ಹೆದರಿಕಿ ಆಗಿತ್ತ್ರಿ," ಎಂದಳು ಹಂಪಮ್ಮ, ತನ್ನ ತೆಲುಗು ಮರೆತು ಕನ್ನಡದಲ್ಲೇ. ಕನ್ನಡ ಬಾರದ ಮೇಡಂಗೂ ಅದು ತಿಳಿಯಿತು. ಇಬ್ಬರೂ ನಕ್ಕರು.