ಅಪ್ಪನ ಕಾರಿನ ಕಳ್ಳ ಸ್ವಿಚ್ಚು

ಸತ್ತವರು ಬಂದು ಹೋಗುತ್ತಾರೆ ಎನ್ನುವವರನ್ನು ನಾನು ಗೇಲಿ ಮಾಡುತ್ತಿದ್ದವನು. ಈಗ ಬಾಯಿ ಮುಚ್ಚಿಕೊಂಡಿರುತ್ತೇನೆ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಂಬತ್ತರ ದಶಕದ ಮಾತು. ಅಪ್ಪನ ಹತ್ತಿರ ಗಲ್ಫಿನಿಂದ ಬಂದವರೊಬ್ಬರು ಮಾರಿದ ಹಳೆಯ ವಿದೇಶಿ ಕಾರೊಂದಿತ್ತು. ಎಲೆಕ್ಟ್ರಾನಿಕ್ ಇಗ್ನಿಷನ್ನಿನದು. ಕಳ್ಳರಿಗೆ ಸಿಗಬಾರದೆಂದು ಸ್ಟಿಯರಿಂಗಿನ ಕೆಳಗೆ ಒಂದು ಗುಪ್ತ ಸ್ವಿಚ್ಚು. ಅದನ್ನು ಒತ್ತಿ ಕೀಲಿ ತಿರುಗಿಸದಿದ್ದರೆ ಎಂಜಿನ್ ಹಿಡಿಯುತ್ತಿರಲಿಲ್ಲ. ಆ ಜಾಗವನ್ನು ಅಪ್ಪ ಮೊದಲು ತೋರಿಸಿದ್ದು ನನಗಲ್ಲ, ತನ್ನ ತಂಗಿಯ ಮಗ ದಯಾನಂದನಿಗೆ. ನಮ್ಮ ಕರಾವಳಿಯ ಅಳಿಯಸಂತಾನದ ಕಟ್ಟಿನಲ್ಲಿ ಹಿಂದೆ ಆಸ್ತಿ ಹೋಗುತ್ತಿದ್ದದ್ದು ಸೋದರಳಿಯನಿಗೇ, ಮಗನಿಗಲ್ಲ. ಕಾನೂನು ಬದಲಾದರೂ ಅಪ್ಪನ ಮನಸ್ಸು ಬದಲಾಗಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಅಪ್ಪನದೆಂದು ನನಗೆ ಸಿಕ್ಕಿದ್ದು ಅದೊಂದೇ. ಆದರೆ ಕಾರು ಕಂಡಕಂಡಲ್ಲಿ ಕೈಕೊಡತೊಡಗಿತು. ಪಂಪ್‌ವೆಲ್‌ನ ಗ್ಯಾರೇಜಿನವನು ಇಗ್ನಿಷನ್ನಿನ ಡಬ್ಬಿ ಬದಲಿಸಿದ, ವಯರುಗಳನ್ನು ನೇರ ಜೋಡಿಸಿ ಸ್ವಿಚ್ಚನ್ನು ಕಿತ್ತು ನನಗೆ ಕೊಟ್ಟ. "ಇದರ ಸ್ಪ್ರಿಂಗೇ ಸತ್ತಿದೆ. ಇನ್ನು ಎಂತ ಒತ್ತುವುದೂ ಬೇಡ," ಎಂದ. ಕಾರು ನನ್ನದಾಯಿತು ಎಂದು ಖುಷಿಯಿಂದ ಹೊರಟೆ.

ಪಣಂಬೂರಿನಲ್ಲಿ ಚಹಾಕ್ಕೆ ನಿಲ್ಲಿಸಿದೆ, ಅಷ್ಟೇ. ಮತ್ತೆ ಎಷ್ಟು ತಿರುಗಿಸಿದರೂ ಎಂಜಿನ್ ಕೆಮ್ಮಲೂ ಇಲ್ಲ. ಅಲ್ಲೇ ಹತ್ತಿರದ ಬಂದರಿನ ಕೆಲಸ ಮುಗಿಸಿ ಹೊರಗೆ ಬಂದ ದಯಾನಂದ ನನ್ನ ಅವಸ್ಥೆ ನೋಡಿದ. ಅವನ ಕಣ್ಣಿಗೇ ಬೀಳಬೇಕಿತ್ತೇ?

"ಸರಿ ಮಾರಾಯ, ನಾನೊಮ್ಮೆ ನೋಡ್ತೇನೆ."

ಅವನು ಕೂತ. ಅಭ್ಯಾಸಬಲದಿಂದ ಎಡಗೈ ಸ್ಟಿಯರಿಂಗಿನ ಕೆಳಗೆ ಹೋಯಿತು. ಟಕ್ ಎಂದಿತು. ಕೀಲಿ ತಿರುಗಿಸಿದ್ದೇ ಎಂಜಿನ್ ಹಿಡಿಯಿತು.

"ಅಲ್ಲಿ ಸ್ವಿಚ್ಚಿಲ್ಲ, ತೆಗೆಸಿದ್ದೇನೆ," ಎಂದೆ.

"ಎಂತ ತಮಾಷೆ ಮಾಡ್ತೀಯಾ? ಉಂಟಲ್ಲ! ಈಗ ಒತ್ತಿದೆ."

ಜೇಬಿನಿಂದ ಸ್ವಿಚ್ಚು ತೆಗೆದು ತೋರಿಸಿದೆ. ಅವನು ಮತ್ತೆ ಸ್ಟಿಯರಿಂಗಿನ ಕೆಳಗೆ ತಡಕಾಡಿದ. ನಾನೂ ಬಗ್ಗಿ ಕೈಹಾಕಿ ನೋಡಿದೆ. ಬೆರಳಿಗೆ ಸಿಕ್ಕಿದ್ದು ಖಾಲಿ ತೂತು.

ವಯರಿನ ಅರ್ಥಿಂಗ್ ಸರಿ ಇಲ್ಲದಿದ್ದರೆ ಎಂಜಿನ್ ಒಮ್ಮೆ ಹಿಡಿಯದೆ ಮತ್ತೊಮ್ಮೆ ತಾನಾಗಿ ಹಿಡಿಯುತ್ತದೆ ಎಂದು ಗ್ಯಾರೇಜಿನವನು ಹೇಳಿದ. ಇರಬಹುದು. ಆದರೆ ಆ ಟಕ್ ಶಬ್ದವನ್ನು ನನ್ನ ಕಿವಿಯೂ ಕೇಳಿದೆ. ಆ ಸ್ವಿಚ್ಚು ಈಗಲೂ ನನ್ನ ಕಪಾಟಿನಲ್ಲಿದೆ. ಮನೆಯಲ್ಲಿ ಯಾರೂ ಇಲ್ಲದಾಗ ತೆಗೆದು ಒತ್ತಿ ನೋಡುತ್ತೇನೆ. ನನಗೆ ಒಮ್ಮೆಯೂ ಟಕ್ ಎಂದಿಲ್ಲ.