ತೆರೆಯದ ಬಾಗಿಲಿಗೊಂದು ಕಥೆ

ಪೀಣ್ಯದ ಕಾರ್ಖಾನೆ ಗೇಟುಗಳಲ್ಲಿ ಕಾರ್ಮಿಕ ಸಂಘದ ಕರಪತ್ರ ಬರೆದು ಹಂಚುತ್ತಿದ್ದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ನನ್ನನ್ನು ಕರೆಸಿತು. ಅವರೊಂದು ಕಂಪ್ಯೂಟರ್ ಆಟ ಮಾಡಿದ್ದರು. ಅದರ ಜೊತೆ ಕೊಡುವ ಪುಸ್ತಕಕ್ಕೆ ಆ ಆಟದ ಲೋಕದ ಕಥೆಗಳು ಬೇಕಿದ್ದವು. ನನ್ನ ಹೆಸರು ಹೇಳಿದವಳು ಆಟ ತಯಾರಿಸಿದ ಶೈಲಜಾ. ಅವಳ ಅಣ್ಣ ಪೀಣ್ಯದಲ್ಲಿ ಲೇತ್ ಕೆಲಸಗಾರ.

ಆಟ ನಡೆಯುವುದು ದೂರದ ಗ್ರಹದ ಗಣಿಯಲ್ಲಿ. ಆಡುವವನು ಅಲ್ಲಿಳಿದು ರಾಕ್ಷಸರನ್ನು ಸುಡಬೇಕು.

"ಗಣಿ ಅಗೆಯೋರು ಯಾರಮ್ಮಾ? ಎಷ್ಟು ಗಂಟೆ ಶಿಫ್ಟು?" ಅಂದೆ.

"ಅದನ್ನ ಯೋಚಿಸೇ ಇಲ್ಲ ಸಾರ್."

ಪರದೆಯಲ್ಲೊಂದು ಕಬ್ಬಿಣದ ಬಾಗಿಲಿತ್ತು. ಎಷ್ಟು ಗುದ್ದಿದರೂ ತೆರೆಯಲಿಲ್ಲ. ಯಾಕೆಂದು ಕೇಳಿದೆ.

ಶೈಲಜಾ ದನಿ ತಗ್ಗಿಸಿದಳು. "ಒಳಗಿನ ರೂಮು ಮಾಡೋಕೆ ಟೈಮ್ ಸಿಗಲಿಲ್ಲ ಸಾರ್. ಮುಂದಿನ ವಾರ ಮಾರಾಟಕ್ಕೆ ಬಿಡ್ತಾರೆ. ಜನ ಬೈದ್ರೆ ನನ್ನ ಕೆಲಸ ಹೋಗುತ್ತೆ."

ಅಲ್ಲೇ ಕೂತು ಬರೆದೆ. ಉಸಿರಾಡುವ ಗಾಳಿಯನ್ನೂ ಅಳೆದು ಕೊಡುತ್ತಾರೆಂದು ರೊಚ್ಚಿಗೆದ್ದ ಗಣಿ ಕೆಲಸಗಾರರು ಮುಷ್ಕರ ಹೂಡಿ, ಆ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡಿದ್ದಾರೆ.

ಮ್ಯಾನೇಜರ್ ಓದಿ ಸಿಡುಕಿದ. "ನಮ್ಮ ಆಟದಲ್ಲಿ ಮುಷ್ಕರಾನಾ? ತೆಗೀರಿ ಇದನ್ನ!"

"ತೆಗೀತೀನಿ. ಬಾಗಿಲು ಯಾಕೆ ತೆರೆಯಲ್ಲ ಅಂತ ನೀವೇ ಹೇಳಿ."

ಆತ ತಾನೇ ಕೂತು ಆ ಬಾಗಿಲನ್ನು ನಾಲ್ಕು ಸಲ ಗುದ್ದಿ ನೋಡಿದ. "ಇರ್ಲಿ ಬಿಡ್ರೀ," ಅಂದ. ಶೈಲಜಾ ನಿರಾಳವಾಗಿ ಉಸಿರು ಬಿಟ್ಟಳು.

ಪೀಣ್ಯದಲ್ಲಿ ಒಂದು ಗೇಟನ್ನು ಒಂದು ದಿನ ಮುಚ್ಚಿಸಲು ಲಾಠಿ ಏಟು ತಿಂದವನು ನಾನು. ನನ್ನ ಕರಪತ್ರವನ್ನು ಮಾಲೀಕರೇ ಅಚ್ಚು ಹಾಕಿಸಿ ಹಂಚಿದ್ದು ಅದೊಂದೇ ಸಲ.